ಅಳುಮುಂಜಿ

ಟಾಯ್ಲೆಟ್ಟಿನ ಫ್ಲಶ್ ಟ್ಯಾಂಕಿನ ಪಿಂಗಾಣಿ ಮುಚ್ಚಳವನ್ನು ಎರಡೂ ಕೈಯಲ್ಲಿ ಎತ್ತಿದಾಗ ತೂಕ ತಪ್ಪಿದ ಹಾಗೆನಿಸಿತು. ಬಲಗಡೆ ಹಗುರ. ಬೆಳಕಿಗೆ ತಿರುಗಿಸಿ ನೋಡಿದ. ಒಂದು ಮೂಲೆ ಮುರಿದಿತ್ತು. ಮುರಿದ ಅಂಚು ಬೆಳ್ಳಗೆ, ಬೆರಳು ಕೊಯ್ಯುವಷ್ಟು ಹೊಸದಾಗಿತ್ತು. ಆ ಮೂಲೆ ಗೋಡೆಯ ಕಡೆಗೆ ಬರುವ ಹಾಗೆ ಯಾರೋ ಜೋಪಾನವಾಗಿ ಮುಚ್ಚಿಟ್ಟಿದ್ದರು. ಮೂರು ವಾರದ ಹಿಂದೆ ಅವನೇ ಒರೆಸಿ ಕೂರಿಸಿ ಹೋಗಿದ್ದ ಮುಚ್ಚಳ ಅದು. ಆಗ ನಾಲ್ಕು ಮೂಲೆಯೂ ಸರಿಯಿತ್ತು.

"ಆಯ್ತೇನೋ?" ಬಾಗಿಲ ಹೊರಗಿನಿಂದ ಸೋದರಮಾವನ ದನಿ. "ಪ್ಲಂಬರ್ ಮನೇಲೇ ಟ್ಯಾಂಕ್ ಸೋರಿದ್ರೆ ಬಂದೋರು ಏನಂದ್ಕೋತಾರಪ್ಪ?"

"ಐದು ನಿಮಿಷ, ಮಾವ."

"ಐದು ನಿಮಿಷ ಅನ್ನೋ ಪ್ಲಂಬರನ್ನ ನಂಬಬೇಡ ಅಂತ ನಿಮ್ಮಮ್ಮನೇ ನಂಗೆ ಹೇಳಿದ್ಲು. ಬೇಗ ಮಾಡು. ಮನೆ ತುಂಬ ಜನ ಇದಾರೆ, ಮಹಡಿ ಮೇಲಿನ ನೀರು ಖಾಲಿಯಾದ್ರೆ ಮಾನ ಹೋಗುತ್ತೆ." ಆಮೇಲೆ ಆ ದನಿಯೇ ಒಡೆದು, "ಇದ್ದಿದ್ರೆ ನಗ್ತಿದ್ಲು ಕಣೋ," ಎಂದು ಹೆಜ್ಜೆ ಎಳೆಯುತ್ತ ನಡುಮನೆಗೆ ಹೋಯಿತು.

ನಡುಮನೆಯಲ್ಲಿ ಅಮ್ಮ ಮಂಚದ ಮೇಲಿದ್ದಳು. ನಾಲ್ಕು ಗಂಟೆಗೆ ಸ್ಮಶಾನಕ್ಕೆ ಒಯ್ಯುವ ಗಾಡಿ ಬರುವುದಿತ್ತು. ಈಗ ಮೂರು.

ಟ್ಯಾಂಕಿನ ನೀರು ತಿಳಿಯಾಗಿತ್ತು. ಸದ್ದು ಇಲ್ಲವೇ ಇಲ್ಲ. ಕಮೋಡಿನ ಒಳಮೈ ಹಿಡಿದು ಕೂದಲೆಳೆಯಷ್ಟು ನೀರು ಮಾತ್ರ ಇಳಿಯುತ್ತಲೇ ಇತ್ತು. ಗೋಡೆಯ ಕಾಕು ತಿರುಗಿಸಿ ನೀರು ನಿಲ್ಲಿಸಿದ. ಗುಂಡಿ ಒತ್ತಿ ಟ್ಯಾಂಕು ಬರಿದು ಮಾಡಿದ. ತಳದಲ್ಲಿ ನೀರು ತಡೆಯುವ ರಬ್ಬರ್ ವಾಷರ್ ಕಳಚಿ ಕೈಗೆ ತೆಗೆದುಕೊಂಡ. ಹೊಚ್ಚ ಹೊಸ ರಬ್ಬರ್. ಅಂಚಿನಲ್ಲಿ ಮೂರು ಕಡೆ ಸೀಳು. ಸವೆದದ್ದಲ್ಲ, ಕತ್ತರಿಸಿದ್ದು. ಇಲಿಯ ಕೆಲಸ ಎನ್ನೋಣವೆಂದರೆ, ಇಲಿಗೆ ಈಜು ಬಂದೀತು, ಮುಚ್ಚಳ ಎತ್ತಲು ಬಾರದು.

ಬರಿದಾದ ಟ್ಯಾಂಕಿನ ತಳದಲ್ಲಿ ಏನೋ ಹೊಳೆಯಿತು. ಕೈ ಇಳಿಸಿ ತೆಗೆದ. ಬೆರಳುದ್ದದ ನೂಲು ಕತ್ತರಿ. ಅಮ್ಮ ಗುಂಡಿ ಹೊಲಿಯುವಾಗ ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದದ್ದು.

ನಿನ್ನೆ ಬೆಳಿಗ್ಗೆ ಫೋನಿನಲ್ಲಿ ಅಪ್ಪ ಹೇಳಿದ್ದು ಮೂರೇ ಮಾತು. ಬಚ್ಚಲಲ್ಲಿ ಕಾಲು ಜಾರಿತು. ತಲೆ ತೊಟ್ಟಿಗೆ ಬಡಿಯಿತು. ಹೋದಳು. ಅಪ್ಪನ ಹಳೆಯ ಶಿಷ್ಯನಾಗಿದ್ದ ಡಾಕ್ಟರು ಅದನ್ನೇ ಕಾಗದದ ಮೇಲೆ ಬರೆದು, ಮೇಷ್ಟ್ರ ಕೈ ಹಿಡಿದು ಅತ್ತು, ಹೋಗಿದ್ದರು.

ಬಚ್ಚಲು ಇರುವುದು ಮನೆಯ ಆ ಕೊನೆಗೆ. ಟಾಯ್ಲೆಟ್ ಈ ಕೊನೆಗೆ.

*

ಅವನಿಗಾಗ ಏಳು ವರ್ಷ. ಅಪ್ಪ ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟರೆಂದರೆ ಮನೆಯಲ್ಲಿ ಉಸಿರು ನಿಲ್ಲುತ್ತಿತ್ತು.

ಅಪ್ಪ ಶಾಲೆಯಲ್ಲಿ ಡ್ರಿಲ್ ಮೇಷ್ಟ್ರು. ಕುಡಿಯುವವರಲ್ಲ, ಕೂಗಾಡುವವರಲ್ಲ. ಬೀದಿಯಲ್ಲಿ ನಡೆದರೆ ಹುಡುಗರು ಸೈಕಲ್ ಇಳಿದು ನಿಲ್ಲುತ್ತಿದ್ದರು. ಗೇಟಿನ ಚಿಲಕ ಸರಿಯಾಗಿ ಬೀಳದಿದ್ದರೆ, ಕಾಲುಚೀಲ ಜೊತೆ ತಪ್ಪಿದರೆ, ಕೇಳಿದ ಪ್ರಶ್ನೆಗೆ ಉತ್ತರ ತಡವಾದರೆ, ಗಡಿಯಾರ ಮೇಜಿಗೆ ಬರುತ್ತಿತ್ತು. ಅಮ್ಮ, "ಒಂದ್ನಿಮಿಷ, ಟಾಯ್ಲೆಟ್‌ಗೆ ಹೋಗಿ ಬಂದ್ಬಿಡ್ತೀನಿ," ಎನ್ನುತ್ತಿದ್ದಳು. ಅಷ್ಟಕ್ಕೆ ಅಪ್ಪ ಬಿಡುತ್ತಿದ್ದರು, ಶಿಸ್ತಿನವರು. ಅವಳು ಬಂದು ಗೋಡೆಗೆ ಮುಖ ಮಾಡಿ ನಿಂತ ಮೇಲೆ ಬೆಲ್ಟನ್ನು ಅಂಗೈಗೆ ಎರಡು ಸುತ್ತು ಸುತ್ತಿಕೊಂಡು ಹೇಳುತ್ತಿದ್ದರು:

"ಎಣಿಸು."

ಅಮ್ಮ ಎಣಿಸಬೇಕು. ತಪ್ಪಿದರೆ ಮತ್ತೆ ಒಂದರಿಂದ. ಪಕ್ಕದ ಮನೆಗೆ ಕೇಳಿಸಿದರೂ ಮತ್ತೆ ಒಂದರಿಂದ. ಹಾಗಾಗಿ ಅವಳು ಮಗುವಿಗೆ ಲೆಕ್ಕ ಹೇಳಿಕೊಡುವಂತೆ ಮೆಲ್ಲಗೆ ಎಣಿಸುತ್ತಿದ್ದಳು. ಒಂದು. ಎರಡು. ಮಂಚದ ಕೆಳಗೆ ಅಕ್ಕ ಅವನ ಕಿವಿ ಮುಚ್ಚುತ್ತಿದ್ದಳು, ಅವನು ಬೆರಳು ಮಡಿಸುತ್ತಿದ್ದ.

ಅಷ್ಟರಲ್ಲಿ ಟಾಯ್ಲೆಟ್ಟಿನ ಟ್ಯಾಂಕು ಅಳುವುದಕ್ಕೆ ಶುರು ಮಾಡುತ್ತಿತ್ತು. ಮೊದಲು ಮೂಗೆಳೆದ ಹಾಗೆ, ಆಮೇಲೆ ಗೋಳೋ ಎಂದು. ಅದರ ಜೊತೆಗೆ ಗೋಡೆಯೊಳಗಿನ ಪೈಪೂ ಗೂಂಯ್‌ಗುಟ್ಟುತ್ತಿತ್ತು. ನಾಲ್ಕೋ ಐದೋ ಎಣಿಕೆಗೆ ಬಾಗಿಲು ಬಡಿಯುತ್ತಿತ್ತು.

"ಮೇಷ್ಟ್ರೇ, ನಿಮ್ಮ ಟ್ಯಾಂಕ್ ಹರೀತಾ ಇದೆ. ನಮ್ಮನೆ ನಲ್ಲಿ ನಿಂತೋಯ್ತು. ಒಂದು ಬಕೆಟ್ ನೀರು ಕೊಡ್ತೀರಾ?"

ಪಕ್ಕದ ಮನೆಯ ಟೈಲರಮ್ಮ. ಎರಡು ಮನೆಗೂ ಒಂದೇ ಪೈಪು. ಇಲ್ಲಿ ಹರಿದರೆ ಅಲ್ಲಿ ಬತ್ತುತ್ತಿತ್ತು. ಅಪ್ಪ ಬೆಲ್ಟು ಹಾಕಿಕೊಂಡು, ಗಡಿಯಾರ ಕಟ್ಟಿಕೊಂಡು, ಕೂದಲು ಸರಿಮಾಡಿಕೊಂಡು ಬಾಗಿಲು ತೆಗೆಯುತ್ತಿದ್ದರು. "ಬನ್ನಿ ಬನ್ನಿ. ಆ ದರಿದ್ರ ಟ್ಯಾಂಕ್ ಮತ್ತೆ ಕೆಟ್ಟಿರಬೇಕು." ಆಮೇಲೆ ತೋಳು ಮಡಿಸಿ ತಾವೇ ರಿಪೇರಿಗೆ ಇಳಿಯುತ್ತಿದ್ದರು. ಅಮ್ಮ ಟಾರ್ಚು ಹಿಡಿಯುತ್ತಿದ್ದಳು.

"ನಮ್ಮನೆ ಅಳುಮುಂಜಿ," ಎಂದು ಅವಳು ಟ್ಯಾಂಕಿಗೆ ಹೆಸರಿಟ್ಟಿದ್ದಳು. "ಎಷ್ಟು ಸಮಾಧಾನ ಮಾಡಿದ್ರೂ ಅಷ್ಟೇ ಕಣೇ, ತಿಂಗಳಿಗೊಂದ್ಸಲ ಅಳಲೇಬೇಕು ಅದಕ್ಕೆ," ಎಂದು ಟೈಲರಮ್ಮನ ಹತ್ತಿರ ನಗುತ್ತಿದ್ದಳು.

ಟ್ಯಾಂಕು ಅಳುವ ದಿನವೇ ಅಮ್ಮನಿಗೆ ಏಟು. ಏಳು ವರ್ಷದ ತಲೆಗೆ ಇದು ಸುಲಭದ ಲೆಕ್ಕ. ಟ್ಯಾಂಕು ಕೆಡುತ್ತದೆ, ಅದಕ್ಕೇ ಅಪ್ಪನಿಗೆ ಸಿಟ್ಟು ಬರುತ್ತದೆ. ಅದನ್ನು ಯಾರಾದರೂ ನೆಟ್ಟಗೆ ರಿಪೇರಿ ಮಾಡಿದರೆ ಎಲ್ಲ ನಿಲ್ಲುತ್ತದೆ.

ದೊಡ್ಡವನಾಗಿ ಏನು ಮಾಡ್ತೀಯ ಎಂದು ಯಾರು ಕೇಳಿದರೂ ಅವನು ಒಂದೇ ಉತ್ತರ ಕೊಡುತ್ತಿದ್ದ. ಕೇಳಿದವರು ನಗುತ್ತಿದ್ದರು. ಅಮ್ಮ ನಗುತ್ತಿರಲಿಲ್ಲ.

*

ಅಪ್ಪ ನಡುಮನೆಯಲ್ಲಿ ಬಾಗಿಲ ಪಕ್ಕದ ಕುರ್ಚಿಯಲ್ಲಿ, ಬೆನ್ನು ತಾಗಿಸದೆ, ಕೂತಿದ್ದರು. ಹಳೆಯ ಶಿಷ್ಯರು ಒಬ್ಬೊಬ್ಬರಾಗಿ ಬಂದು ಕೈ ಹಿಡಿಯುತ್ತಿದ್ದರು. "ಧೈರ್ಯ ತಗೋಬೇಕು ಸಾರ್. ನೀವೇ ಹೀಗಾದ್ರೆ ಹೇಗೆ?" ಅಪ್ಪ ಪ್ರತಿಯೊಬ್ಬನಿಗೂ ಅಳತೆ ಮಾಡಿದ ಹಾಗೆ ಒಂದೇ ಬಾರಿ ತಲೆಯಾಡಿಸುತ್ತಿದ್ದರು.

ಅವನು ಕತ್ತರಿಯನ್ನು ಮುಷ್ಟಿಯಲ್ಲಿ ಹಿಡಿದು ಅಡುಗೆಮನೆಗೆ ಹೋದ. ಟೈಲರಮ್ಮ ಬಂದವರಿಗೆ ಚಹಾ ಸೋಸುತ್ತಿದ್ದಳು. ಅಮ್ಮ ಮೂವತ್ತು ವರ್ಷ ಅವಳಿಗೆ ಗುಂಡಿ ಹೊಲಿದುಕೊಟ್ಟಿದ್ದಳು. ಇವತ್ತು ಟೈಲರಮ್ಮನ ಕಣ್ಣು ಊದಿಕೊಂಡು, ಸೂಜಿಗೆ ದಾರ ಪೋಣಿಸಲಾರದ ಹಾಗಾಗಿದ್ದವು.

"ಇದು ನಿಮ್ಮದಾ?"

ಅವಳು ನೋಡಿದಳು. ಸೋಸುವುದನ್ನು ನಿಲ್ಲಿಸಿದಳು. "ನಾನೇ ಕೊಟ್ಟಿದ್ದು. ಎಲ್ಲಿತ್ತು?"

"ಟ್ಯಾಂಕ್ ಒಳಗೆ. ವಾಷರನ್ನ ಕತ್ತರಿಸಿದಾರೆ ಯಾರೋ."

ಟೈಲರಮ್ಮ ಪಾತ್ರೆಯನ್ನು ಕಟ್ಟೆಯ ಮೇಲಿಟ್ಟಳು. ಇಡುವಾಗ ಅರ್ಧ ಚಹಾ ಚೆಲ್ಲಿತು. ಅದನ್ನು ನೋಡುತ್ತಲೇ ಅವಳು ನೆಲಕ್ಕೆ ಕುಸಿದಳು.

"ಹಾಗಾದ್ರೆ ಕರೆದಿದ್ದಾಳೆ," ಎಂದಳು. "ನನ್ನ ಕರೆದಿದ್ದಾಳೆ ಕಣೋ. ನಂಗೆ ಕೇಳಿಸಲೇ ಇಲ್ವಲ್ಲೋ."

"ಏನು ಹೇಳ್ತಿದ್ದೀರ?"

"ಆ ಟ್ಯಾಂಕ್ ಯಾವತ್ತಾದ್ರೂ ಕೆಟ್ಟಿತ್ತು ಅಂದ್ಕೊಂಡಿದ್ದೀಯಾ ನೀನು? ಒಂದು ದಿನಾನೂ ಕೆಟ್ಟಿಲ್ಲ. ಅವರು ವಾಚು ಬಿಚ್ಚಿದ ತಕ್ಷಣ ಇವಳು ಒಳಗೆ ಹೋಗಿ ಟ್ಯಾಂಕಿನೊಳಗಿನ ಹಿತ್ತಾಳೆ ಸರಳನ್ನ ಮೇಲಕ್ಕೆ ಬಗ್ಗಿಸಿ ಬರ್ತಿದ್ಲು. ಅದರ ತುದಿಯ ಗುಂಡು ಎಷ್ಟು ತೇಲಿದ್ರೂ ನೀರು ನಿಲ್ತಿರಲಿಲ್ಲ. ನಮ್ಮನೆ ಗೋಡೇಲಿ ಪೈಪು ಕೂಗ್ತಿತ್ತು. ನಾನು ಮಿಷನ್ ನಿಲ್ಲಿಸಿ ಬಕೆಟ್ ಹಿಡ್ಕೊಂಡು ಓಡಿ ಬರ್ತಿದ್ದೆ. ಹೊರಗಿನವರ ಎದುರು ಅವರು ಕೈ ಎತ್ತಲ್ವಲ್ಲ! ಆಮೇಲೆ ಒಂದು ಗಂಟೆ ರಿಪೇರಿ ಮಾಡ್ತಾ ಕೂತ್ರೆ ಸಿಟ್ಟೂ ಇಳೀತಿತ್ತು. ಮೂವತ್ತು ವರ್ಷ ನಡೆದ ನಾಟಕ ಕಣೋ ಇದು. ಮೇಷ್ಟ್ರಿಗೆ ಗೊತ್ತಾಗಲಿಲ್ಲ. ನಿನಗೂ ಗೊತ್ತಾಗಲಿಲ್ಲ."

"ಅಪ್ಪ ಈಗೀಗ... ವಯಸ್ಸಾಯ್ತಲ್ಲ, ಈಗೆಲ್ಲ..."

"ಕೈಗೆ ವಯಸ್ಸಾಗುತ್ತೇನೋ?" ಎಂದಳು ಟೈಲರಮ್ಮ.

ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಯಾವಾಗ ಬಂದಳೋ ಗೊತ್ತಿಲ್ಲ. "ನಿನ್ನೆ ಬಟ್ಟೆ ಹಾಕಿಸಿದ್ದು ನಾನೇ," ಎಂದಳು. "ಬೆನ್ನು, ತೋಳು ನೋಡಿದೆ. ಹಳೇದೂ ಇದೆ, ಹೊಸದೂ ಇದೆ. ಅದಕ್ಕೇ ಉದ್ದ ತೋಳಿನ ರವಿಕೆ ಹಾಕ್ಸಿದೀನಿ."

"ನೋಡಿ ಸುಮ್ಮನಿದ್ದೆಯಾ?"

"ಇನ್ನೇನು ಮಾಡ್ಲಿ? ಬೀದಿಯವರನ್ನೆಲ್ಲ ಕರೆದು ತೋರಿಸ್ಲಾ? ಅಷ್ಟು ವರ್ಷ ಅವಳು ಮುಚ್ಚಿಟ್ಟುಕೊಂಡಿದ್ದನ್ನ ಕೊನೇ ದಿನ ನಾವು ಬಿಚ್ಚಿಡೋದಾ? ನಾಲ್ಕಕ್ಕೆ ಗಾಡಿ ಬರುತ್ತೆ. ಮರ್ಯಾದೆಯಿಂದ ಕಳಿಸೋಣ ಕಣೋ. ಕಾಲಿಗೆ ಬೀಳ್ತೀನಿ."

"ನಾಲ್ಕು ಗಂಟೆ ಆದ್ಮೇಲೆ ಕೇಳೋಕೆ ಏನು ಉಳಿಯುತ್ತೆ ಅಕ್ಕ? ಬೂದಿ."

ಅಕ್ಕ ಚೆಲ್ಲಿದ ಚಹಾವನ್ನು ಒರೆಸತೊಡಗಿದಳು. ಒರೆಸಿದ ಜಾಗವನ್ನೇ ಮತ್ತೆ ಮತ್ತೆ ಒರೆಸಿದಳು.

ಅವನು ಟೈಲರಮ್ಮನ ಮುಂದೆ ಕುಕ್ಕರುಗಾಲಲ್ಲಿ ಕೂತ. "ನಂಗ್ಯಾಕೆ ಅಮ್ಮ ಹೇಳಲಿಲ್ಲ?"

"ಕೇಳಿದ್ದೆ. 'ಹೇಳಿದ್ರೆ ಅವನು ಕೊಂದೇ ಬಿಡ್ತಾನೆ ಕಣೇ, ಇವರ ರಕ್ತ ತಾನೇ,' ಅಂದ್ಲು."

*

ಮೂರು ವಾರದ ಹಿಂದಿನ ಭಾನುವಾರ ಅವನು ಹೊಸ ಡಬ್ಬ ಹಿಡಿದು ಬಂದಿದ್ದ. ಅವತ್ತು ಅವನ ಮುಖ ಬಹುಮಾನ ಗೆದ್ದು ತಂದ ಹುಡುಗನ ಹಾಗಿತ್ತು.

"ಅಮ್ಮ, ಇನ್ಮೇಲೆ ನಿಮ್ಮ ಅಳುಮುಂಜಿ ಅಳಲ್ಲ. ಸರಳಿಲ್ಲ, ಗುಂಡಿಲ್ಲ, ಬಗ್ಗೋದು ಕೆಡೋದು ಅನ್ನೋದೇ ಇಲ್ಲ. ದೊಡ್ಡ ದೊಡ್ಡ ಹೋಟೆಲಿಗೆ ಹಾಕೋ ವಾಲ್ವ್ ಇದು. ನೀರು ತುಂಬಿದ್ದು ಪಕ್ಕದಲ್ಲಿ ಕೂತೋರಿಗೂ ಗೊತ್ತಾಗಲ್ಲ."

ಅಮ್ಮ ಡಬ್ಬವನ್ನು ಕೈಯಲ್ಲಿ ತಿರುಗಿಸಿ ನೋಡಿದಳು. "ಹಳೇದೇ ಇರ್ಲಿ ಬಿಡೋ ಪುಟ್ಟ."

"ಯಾಕೆ?"

"ಅದರ ಸದ್ದು ಅಭ್ಯಾಸ ಆಗಿದೆ. ಇಲ್ದಿದ್ರೆ ಮನೆ ಬಿಕೋ ಅನ್ನುತ್ತೆ."

"ಅಮ್ಮ! ಯಾರಾದ್ರೂ ಕೇಳಿದ್ರೆ ನಗ್ತಾರೆ. ಪ್ಲಂಬರ್ ಮಗ ಇಟ್ಕೊಂಡು ಮೂವತ್ತು ವರ್ಷದಿಂದ ಸೋರೋ ಟ್ಯಾಂಕು!"

"ಆಗಲಿ, ಅವನು ಅಷ್ಟು ಆಸೆಯಿಂದ ತಂದಿದ್ದಾನೆ," ಎಂದರು ಅಪ್ಪ ಪೇಪರಿನ ಹಿಂದಿನಿಂದ. "ನನಗೂ ಬಗ್ಗಿ ಬಗ್ಗಿ ಸಾಕಾಗಿದೆ."

ಅವನು ಎರಡು ಗಂಟೆ ಕೆಲಸ ಮಾಡಿದ. ಅಮ್ಮ ಬಾಗಿಲಿಗೆ ಒರಗಿ ನೋಡುತ್ತ ನಿಂತಿದ್ದಳು. ಹಳೆಯ ಸರಳನ್ನು ಕಿತ್ತು ಎಸೆಯಲು ಹೋದಾಗ, ಕೊಡು ಎಂದು ಕೈ ಚಾಚಿದಳು. ನೂರು ಸಲ ಬಗ್ಗಿಸಿ ನೂರು ಸಲ ನೆಟ್ಟಗೆ ಮಾಡಿದ ಸರಳು ಅದು. ನಡುವೆ ಸವೆದು ಹೊಳೆಯುತ್ತಿತ್ತು. ಅದನ್ನು ಗುಂಡಿಗಳ ಡಬ್ಬಿಯಲ್ಲಿಟ್ಟಳು.

"ನೋಡು ಈಗ," ಎಂದು ಅವನು ಗುಂಡಿ ಒತ್ತಿದ. ನೀರು ಹೋಯಿತು. ಟ್ಯಾಂಕು ತುಂಬಿತು. ಅವನು ಕಿವಿಗೆ ಕೈ ಹಚ್ಚಿ, ಹುಬ್ಬು ಹಾರಿಸಿದ. "ಕೇಳಿಸ್ತಾ?"

"ಇಲ್ಲ," ಎಂದಳು ಅಮ್ಮ. ಆಮೇಲೆ ಅವನ ಒದ್ದೆ ಕೂದಲನ್ನು ಸೆರಗಿನಿಂದ ಒರೆಸಿ, "ಚೆನ್ನಾಗಿ ಮಾಡಿದ್ದೀಯ. ಊಟ ಮಾಡ್ಕೊಂಡು ಹೋಗು," ಎಂದಳು.

*

ಅವನು ಟಾಯ್ಲೆಟ್ಟಿಗೆ ಮರಳಿ ಹೋಗಿ ನೆಲದ ಮೇಲೆ ಮಂಡಿಯೂರಿದ. ಕಮೋಡಿನ ಹಿಂದೆ, ಗೋಡೆಯ ಮೂಲೆಯಲ್ಲಿ, ಪೊರಕೆ ಮುಟ್ಟದ ಜಾಗದಲ್ಲಿ ಬೆರಳಾಡಿಸಿದ. ಅವನ ಕಸುಬಿನವರಿಗೆ ಮಾತ್ರ ಗೊತ್ತಿರುವ ಜಾಗ. ಬಿದ್ದ ತಿರುಪು, ಬಿದ್ದ ಉಂಗುರ ಎಲ್ಲ ಸಿಗುವುದು ಅಲ್ಲೇ. ಬೆರಳಿಗೆ ತಣ್ಣಗೆ ತಾಗಿತು. ಎಳೆದು ತೆಗೆದ. ಮುಚ್ಚಳದ ಮೂಲೆ, ಮೂರು ಕೋನದ ಚೂರು. ಒಂದು ಬದಿಗೆ ಕಂದು ಕಲೆ ಹತ್ತಿತ್ತು. ಆ ಕಲೆಯಲ್ಲಿ ಒಂದೇ ಒಂದು ಬಿಳಿಕೂದಲು ಅಂಟಿಕೊಂಡು ಒಣಗಿತ್ತು.

ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡ. ಸೀಳಿದ ವಾಷರನ್ನೇ ಮತ್ತೆ ಕೂರಿಸಿದ. ಕೈಗಡಿಯಾರ ಬಿಚ್ಚಿ ಕಿಟಕಿಯ ಮೇಲಿಟ್ಟ. ನಡುಮನೆಗೆ ಹೋಗಿ, ಎಲ್ಲರಿಗೂ ಕೇಳುವ ಹಾಗೆ, ವಿನಯದಿಂದ ಹೇಳಿದ:

"ಅಪ್ಪ, ಒಂದ್ನಿಮಿಷ ಬನ್ನಿ. ಟ್ಯಾಂಕ್ ಹೇಗೆ ರಿಪೇರಿ ಮಾಡ್ಕೋಬೇಕು ತೋರಿಸ್ತೀನಿ. ಇನ್ಮೇಲೆ ನೀವೊಬ್ರೇ ಅಲ್ವಾ."

ಶಿಷ್ಯರಲ್ಲೊಬ್ಬ ಇದನ್ನು ಕೇಳಿ ಕಣ್ಣೊರೆಸಿಕೊಂಡ. ಅಪ್ಪ ಎದ್ದು ಬಂದರು. ಅವನು ಬಾಗಿಲ ಚಿಲಕ ಹಾಕಿದ.

ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲದ ಕೋಣೆ. ಅವನು ಗೋಡೆಯ ಕಾಕು ತಿರುಗಿಸಿದ. "ನೀರು ಬಿಟ್ಟಿದೀನಿ. ಏನಾದ್ರೂ ಕೇಳಿಸ್ತಿದೆಯಾ?"

"ಇಲ್ಲ."

"ಅವಳಿಗೂ ಕೇಳಿಸಲಿಲ್ಲ, ಪಕ್ಕದ ಮನೆಯವಳಿಗೆ." ಜೇಬಿನಿಂದ ಚೂರು ತೆಗೆದು ಅಪ್ಪನ ಕಣ್ಣ ಮುಂದೆ ಹಿಡಿದ. "ಇದು ಬಚ್ಚಲಲ್ಲಿ ಇರಲಿಲ್ಲ, ಇಲ್ಲಿತ್ತು. ಹೇಳಿ."

ಅಪ್ಪ ಚೂರನ್ನು ನೋಡಿದರು. ತಪ್ಪು ಉತ್ತರ ಬರೆದ ಹುಡುಗನ ನೋಟ್‌ಬುಕ್ ನೋಡುವ ಹಾಗೆ ನೋಡಿದರು. "ಕತ್ತರಿ ಹಿಡ್ಕೊಂಡು ಟ್ಯಾಂಕಿನೊಳಗೆ ಕೈ ಹಾಕಿದ್ಲು. ನೀನು ಹೊಸದಾಗಿ ಹಾಕಿಕೊಟ್ಟ ವಸ್ತು. ಬೇಕಂತಲೇ ಕೆಡಿಸ್ತಿದ್ಲು. ಇಷ್ಟು ವರ್ಷ ಕೆಡಿಸ್ತಿದ್ದಿದ್ದೂ ಇವಳೇ ಅಂತ ಆಗ ಹೊಳೀತು. ಮೂವತ್ತು ವರ್ಷ ನನ್ನ ಬಗ್ಗಿಸಿ ಬಗ್ಗಿಸಿ ನಗ್ತಿದ್ಲು."

"ಆಮೇಲೆ?"

"ಮುಚ್ಚಳ ಕೈಗೆ ಸಿಕ್ತು."

ಅಷ್ಟೇ ಹೇಳಿದರು. ದನಿ ಒಂದೆಳೆಯೂ ನಡುಗಲಿಲ್ಲ.

ಪೈಪ್ ರೆಂಚು ಕಮೋಡಿನ ಪಕ್ಕದಲ್ಲಿ ಒರಗಿತ್ತು. ಎರಡು ಕೇಜಿ ಕಬ್ಬಿಣ. ಇಪ್ಪತ್ತು ವರ್ಷ ಅದೇ ಹಿಡಿಯ ಮೇಲೆ ಅವನ ಅಂಗೈ ಗಟ್ಟಿಯಾಗಿತ್ತು. ಅದನ್ನು ಎತ್ತಿಕೊಂಡಾಗ ಜೀವಮಾನದಲ್ಲಿ ಮೊದಲ ಸಲ ಅಪ್ಪನ ಜೊತೆ ಏಕವಚನ ಬಂತು.

"ಎಣಿಸು."

"ಏನಂದೆ?"

ರೆಂಚು ಅಪ್ಪನ ಎಡ ಭುಜದ ಮೇಲೆ ಬಿತ್ತು. ಒಣ ಕೊಂಬೆ ಮುರಿದಂಥ ಸದ್ದು. ಅಪ್ಪನ ಬಾಯಿ ತೆರೆಯಿತು, ದನಿ ಬರಲಿಲ್ಲ. ಅವನು ಕುತ್ತಿಗೆಯ ಹತ್ತಿರ ಅಂಗಿ ಹಿಡಿದು ಗೋಡೆಗೆ ಒತ್ತಿದ.

"ಎಣಿಸು ಅಂದೆ. ಮೆಲ್ಲಗೆ. ಹೊರಗಡೆ ಜನ ಇದಾರೆ."

"ಒಂ... ಒಂದು."

ಎರಡನೆಯದು ಪಕ್ಕೆಗೆ. ಅಪ್ಪ ಪಕ್ಕಕ್ಕೆ ವಾಲಿ ತೆರೆದ ಟ್ಯಾಂಕಿನ ಮೇಲೆ ಬಿದ್ದರು. ಅವರ ಮೊಣಕೈ ಒಳಗೆ ಹೊಕ್ಕು, ಹೊಸ ವಾಲ್ವು ಬುಡದಲ್ಲಿ ಫಟ್ಟನೆ ಮುರಿಯಿತು. ನೀರು ಛಾವಣಿಗೆ ಚಿಮ್ಮಿತು. ಗೋಡೆಯೊಳಗೆ ಪೈಪು ಮೊದಲು ಕೆಮ್ಮಿತು, ಆಮೇಲೆ ಗೂಂಯ್ ಎಂದು ಇಡೀ ಗೋಡೆ ಹಿಡಿದು ಕೂಗತೊಡಗಿತು. ಇಬ್ಬರ ಮುಖದ ಮೇಲೂ ನೀರು ಸುರಿಯಿತು.

"ಎಷ್ಟಾಯ್ತು?"

"ಎರಡು," ಎಂದರು ಅಪ್ಪ. ಬಾಯಿಂದ ಬಂದ ರಕ್ತ ನೀರಿನ ಜೊತೆ ಬಿಳಿ ಅಂಗಿಯ ಮೇಲೆ ಇಳಿಯಿತು. ಕಣ್ಣು ರೆಂಚನ್ನೇ ನೋಡುತ್ತಿದ್ದವು. ಅವರು ಬಲಗೈಯನ್ನು ತಲೆಗೆ ಅಡ್ಡ ಹಿಡಿದರು. ಅಮ್ಮ ಹಿಡಿಯುತ್ತಿದ್ದದ್ದೂ ಹಾಗೆಯೇ, ಅಂಗೈ ಹೊರಗೆ ಮಾಡಿ.

ಅವನು ರೆಂಚನ್ನು ಎರಡೂ ಕೈಯಲ್ಲಿ ತಲೆಯ ಮೇಲಕ್ಕೆ ಎತ್ತಿದ.

ಬಾಗಿಲು ಬಡಿಯಿತು.

"ಮಗಾ," ಎಂದಿತು ಟೈಲರಮ್ಮನ ದನಿ. ಮಾತು ಬಾಯಿಪಾಠವಾಗಿತ್ತು. "ನಿಮ್ಮ ಟ್ಯಾಂಕ್ ಹರೀತಾ ಇದೆ. ನಮ್ಮನೆ ನಲ್ಲಿ ನಿಂತೋಯ್ತು. ಒಂದು ಬಕೆಟ್ ನೀರು ಕೊಡ್ತೀಯಾ?"

ಅವನು ಹಾಗೆಯೇ ನಿಂತ. ನೀರು ಛಾವಣಿಗೆ ಹೊಡೆದು ರೆಂಚಿನ ಮೇಲೆ, ಕೈಯ ಮೇಲೆ ಬೀಳುತ್ತಿತ್ತು.

"ಮಗಾ. ಒಂದು ಬಕೆಟ್ ಅಷ್ಟೇ."

ಚಿಲಕ ತೆಗೆಯಲು ಅವನಿಗೆ ಬಹಳ ಹೊತ್ತು ಹಿಡಿಯಿತು. ಒದ್ದೆ ಬೆರಳು ಜಾರುತ್ತಿತ್ತು. ಬಾಗಿಲಾಚೆ ಟೈಲರಮ್ಮ ಖಾಲಿ ಬಕೆಟ್ಟನ್ನು ಎರಡು ಕೈಯಲ್ಲಿ ಮುಂದೆ ಹಿಡಿದು ನಿಂತಿದ್ದಳು. ಅವಳ ಹಿಂದೆ ಅಕ್ಕ. ಅಕ್ಕನ ಹಿಂದೆ ಮಾವ, ಶಿಷ್ಯರು, ಆಗಷ್ಟೇ ಬಂದ ಗಾಡಿಯ ಡ್ರೈವರು. ಎಲ್ಲರೂ ಅವನನ್ನು ದಾಟಿ ಒಳಗೆ ನೋಡಿದರು. ಅಲ್ಲಿ ಮೇಷ್ಟ್ರು ಕಮೋಡಿನ ಪಕ್ಕ ಮುದುಡಿ, ಅಂಗೈ ಹೊರಗೆ ಮಾಡಿಕೊಂಡೇ ಕೂತಿದ್ದರು.

ಅವನು ರೆಂಚನ್ನು ಬಕೆಟ್ಟಿನೊಳಗೆ ಇಳಿಸಿದ. ಅದರ ಪಕ್ಕಕ್ಕೆ, ಕೂದಲು ಉದುರದ ಹಾಗೆ, ಮುಚ್ಚಳದ ಚೂರನ್ನಿಟ್ಟ.

"ಅಮ್ಮನ್ನ ಎತ್ತಬೇಡಿ," ಎಂದ ಡ್ರೈವರಿಗೆ. "ಮಾವ, ಪೊಲೀಸರಿಗೆ ಫೋನ್ ಮಾಡಿ. ಇಬ್ಬರನ್ನ ಕರ್ಕೊಂಡು ಹೋಗ್ಬೇಕು ಅಂತ ಹೇಳಿ."

ಮಾವ ಅಕ್ಕನ ಮುಖ ನೋಡಿದ. ಅಕ್ಕ ನಡುಮನೆಗೆ ನಡೆದಳು. ಮಂಚದ ಪಕ್ಕ ಕೂತು, ಅಮ್ಮನ ಉದ್ದ ತೋಳಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚತೊಡಗಿದಳು.

ನೀರು ಹೊಸ್ತಿಲು ದಾಟಿ, ಬಿಟ್ಟುಹೋದ ಚಪ್ಪಲಿಗಳನ್ನು ತೇಲಿಸಿಕೊಂಡು, ನಡುಮನೆಗೆ ಬಂತು. ಮಂಚದ ಕಾಲುಗಳನ್ನು ಸುತ್ತಿ ನಿಂತಿತು. ಗೋಡೆಯೊಳಗಿನ ಪೈಪು ಬೀದಿಗೆಲ್ಲ ಕೇಳುವ ಹಾಗೆ ಅಳುತ್ತಿತ್ತು. ಕಾಕು ಪ್ಲಂಬರನ ಕೈಗೆ ಎಟುಕುವಷ್ಟು ಹತ್ತಿರದಲ್ಲೇ ಇತ್ತು. ಅವನು ತಿರುಗಿಸಲಿಲ್ಲ.